ಭಿಕ್ಷುಕ ಕಟ್ಟಿದ ಶಾಲೆ

ಮಕ್ಕಳೇ, ಈ ವಾರ ಮೊದಲು ಒಂದು ಲೆಕ್ಕ. ಒಬ್ಬ ಮನುಷ್ಯ ಊರೂರು ಅಲೆದು ಭಿಕ್ಷೆ ಬೇಡುತ್ತಾನೆ. ಹೀಗೆ ಸುಮಾರು ಮೂವತ್ತು ವರ್ಷ ಬೇಡುತ್ತಾನೆ. ಕೊನೆಗೆ ಅವನ ಹತ್ತಿರ ಏನು ಉಳಿದಿರುತ್ತದೆ?

ಪಕ್ಕದಲ್ಲಿ ಅಜ್ಜ ಅಜ್ಜಿ ಇದ್ದರೆ ಅವರನ್ನೂ ಕೇಳಿ. ‘ಒಂದು ಒಡಕು ಬಟ್ಟಲು, ಒಂದು ಹರಕು ಕಂಬಳಿ’ ಎಂದಾರು. ಚೀನಾ ದೇಶದ ವೂ ಶ್ಯುನ್ ಎಂಬಾತ ಹಾಗೆ ಬೇಡಿ ಒಂದು ಶಾಲೆ ಕಟ್ಟಿಸಿದ. ಆಮೇಲೆ ಇನ್ನೆರಡಕ್ಕೂ ಕಾರಣನಾದ.

ಆತ ಹುಟ್ಟಿದ್ದು 1838ರಲ್ಲಿ, ಶಾನ್‌ಡಾಂಗ್ ಪ್ರಾಂತ್ಯದ ಒಂದು ಹಳ್ಳಿಯಲ್ಲಿ. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ತಾಯಿಯ ಜೊತೆ ಬೇಡಿ ಉಂಡ. ಓದಬೇಕೆಂಬ ಆಸೆ ಬಹಳ. ಆದರೆ ಗುರುಗಳಿಗೆ ಕೊಡಲು ಕಾಸಿಲ್ಲ. ಸ್ವಲ್ಪ ದೊಡ್ಡವನಾದ ಮೇಲೆ ಶ್ರೀಮಂತರ ಮನೆಯಲ್ಲಿ ಆಳಾಗಿ ದುಡಿದ. ಕೂಲಿ ಕೇಳಿದಾಗ ಯಜಮಾನ ಲೆಕ್ಕದ ಪುಸ್ತಕ ತೆಗೆದು, ‘ನೋಡು, ನಿನಗೆ ಕೊಡಬೇಕಾದ್ದೆಲ್ಲ ಆಗಲೇ ಕೊಟ್ಟಾಗಿದೆ’ ಎಂದನಂತೆ. ಪುಸ್ತಕದಲ್ಲಿ ಬರೆದದ್ದು ಸುಳ್ಳು. ಆದರೆ ಅಕ್ಷರ ಬಾರದವನು ಅದನ್ನು ಸುಳ್ಳೆಂದು ತೋರಿಸುವುದು ಹೇಗೆ?

ಈ ಕಥೆ ಓದಿದಾಗ ನನಗೆ ನನ್ನ ಬ್ಯಾಂಕಿನ ಕೌಂಟರು ನೆನಪಾಯಿತು. ವಾರದ ಸಂತೆಯ ದಿನ ಎಷ್ಟೋ ಜನ ಪಾಸ್‌ಬುಕ್ಕನ್ನು ನನ್ನ ಮುಂದೆ ಚಾಚಿ, ‘ಎಷ್ಟೈತೆ ನೋಡ್ರಿ ಸ್ವಾಮಿ’ ಎನ್ನುತ್ತಿದ್ದರು. ನಾನು ಹೇಳಿದ್ದೇ ಅವರಿಗೆ ಲೆಕ್ಕ. ಅಂಕಿ ಓದಬಲ್ಲವನ ಕೈಯಲ್ಲಿ ಓದಲಾರದವನ ಅನ್ನ ಇರುತ್ತದೆ. ಇದು ಬಿ.ಕಾಂ. ತರಗತಿಯಲ್ಲಿ ಯಾರೂ ಹೇಳಿಕೊಡದ ಪಾಠ.

ವೂ ಶ್ಯುನ್‌ಗೆ ಸಿಟ್ಟು ಬಂದಿತ್ತು. ಆದರೆ ಆ ಸಿಟ್ಟಿನಲ್ಲಿ ಆತ ಮಾಡಿದ ಸಂಕಲ್ಪ ನೋಡಿ: ಬಡವರ ಮಕ್ಕಳು ಪುಕ್ಕಟೆಯಾಗಿ ಕಲಿಯುವ ಒಂದು ಶಾಲೆ ಆಗಬೇಕು. ಅಂದಿನಿಂದ ಬೇಡತೊಡಗಿದ. ತಲೆಯ ಜಡೆ ಕತ್ತರಿಸಿ ಮಾರಿದ. (ಆಗ ಚೀನಾದ ಗಂಡಸರು ಜಡೆ ಬಿಡುತ್ತಿದ್ದರು!) ಸಂತೆಯಲ್ಲಿ ಜನರನ್ನು ನಗಿಸಿ ಕಾಸು ಪಡೆದ. ರಾತ್ರಿ ಕೂತು ದಾರ ಹೊಸೆದ. ಭಿಕ್ಷೆಯಲ್ಲಿ ಒಳ್ಳೆಯ ತಿಂಡಿ ಸಿಕ್ಕರೆ ಅದನ್ನು ಮಾರಿ, ತಾನು ಒಣಗಿದ್ದನ್ನು ತಿಂದ.

ಕೂಡಿದ ಚಿಲ್ಲರೆಯನ್ನು ಜೋಳಿಗೆಯಲ್ಲಿ ಕೊಳೆಯಲು ಬಿಡಲಿಲ್ಲ. ಊರಿನ ನಂಬಿಕಸ್ಥ ದೊಡ್ಡವರ ಬಾಗಿಲಲ್ಲಿ ಮಂಡಿಯೂರಿ ಕುಳಿತು, ಹಣವನ್ನು ಬಡ್ಡಿಗೆ ಬಿಟ್ಟು ಬೆಳೆಸಿಕೊಡಿ ಎಂದು ಬೇಡಿಕೊಂಡ. ಬಂದ ಬಡ್ಡಿಯನ್ನು ಅಸಲಿಗೆ ಸೇರಿಸಿ ಜಮೀನು ಕೊಂಡ. ಅದು ಸುಮಾರು 230 ‘ಮು’ ಆಗಿತ್ತು ಎನ್ನುತ್ತಾರೆ. ಆರು ಮು ಸೇರಿದರೆ ಹೆಚ್ಚುಕಡಿಮೆ ಒಂದು ಎಕರೆ. ಎಷ್ಟು ಎಕರೆಯಾಯಿತು, ನೀವೇ ಭಾಗಿಸಿ ನೋಡಿ. ಜಮೀನು ಹಾಗೇ ಇರಬೇಕು, ಅದರ ಉತ್ಪತ್ತಿಯಿಂದ ಗುರುಗಳ ಸಂಬಳ ನಡೆಯಬೇಕು. ನಾವು ಇಂದು ದತ್ತಿನಿಧಿ ಎಂದು ಕರೆಯುವ ಏರ್ಪಾಡನ್ನು ಅಕ್ಷರ ಬಾರದವನೊಬ್ಬ ಮಾಡಿ ತೋರಿಸಿದ.

1888ರಲ್ಲಿ ಲಿಯುಲಿನ್ ಎಂಬಲ್ಲಿ ಮೊದಲ ಶಾಲೆ ತೆರೆಯಿತು. ಆ ದಿನ ಗುರುಗಳಿಗೆ ಊಟ ಹಾಕಿಸಿದ. ತಾನು ಪಂಕ್ತಿಯಲ್ಲಿ ಕೂರದೆ ಹೊರಗೆ ನಿಂತಿದ್ದ. ಯಾರಾದರೂ ಗುರು ಪಾಠದ ಹೊತ್ತಿನಲ್ಲಿ ನಿದ್ದೆ ಹೊಡೆದರೆ, ಹುಡುಗ ಆಟಕ್ಕೆ ಓಡಿದರೆ, ಆತ ಬೈಯುತ್ತಿರಲಿಲ್ಲ. ಅವರೆದುರು ಮೊಣಕಾಲೂರಿ ಕುಳಿತುಬಿಡುತ್ತಿದ್ದನಂತೆ. ಆಮೇಲೆ ಯಾರು ತಾನೇ ನಿದ್ದೆ ಹೊಡೆದಾರು! 1896ರಲ್ಲಿ ಮೂರನೆಯ ಶಾಲೆ ಆದ ವರ್ಷವೇ ತೀರಿಕೊಂಡ.

ಹಿರಿಯರಿಗೆ ಇನ್ನೊಂದು ಮಾತು. ಎಲ್ಲರೂ ಆತನನ್ನು ಹೊಗಳಲಿಲ್ಲ. 1950ರಲ್ಲಿ ಆತನ ಜೀವನದ ಮೇಲೆ ಸಿನಿಮಾ ಬಂತು; ಮರುವರ್ಷ ಮಾವೋ ಅವರೇ ಅದನ್ನು ಖಂಡಿಸಿದರು. ಸಿರಿವಂತರ ಮುಂದೆ ಮಂಡಿಯೂರಿದವನು, ಬಡ್ಡಿ ತಿಂದವನು ಎಂದೆಲ್ಲ ಟೀಕೆ ನಡೆಯಿತು. 1980ರ ದಶಕದಲ್ಲಷ್ಟೇ ಆ ಟೀಕೆ ಅತಿಯಾಯಿತು ಎಂದು ಅಲ್ಲಿಯವರು ಒಪ್ಪಿದರು. ಬಡ್ಡಿಯ ಪ್ರಶ್ನೆ ಮಾತ್ರ ಪೊಳ್ಳಲ್ಲ. ಆ ಬಡ್ಡಿ ಕಟ್ಟಿದವರಲ್ಲಿಯೂ ಬಡವರು ಇದ್ದಿರಬಹುದು. ಜೀವಮಾನವೆಲ್ಲ ಬಡ್ಡಿಯ ಲೆಕ್ಕವನ್ನೇ ಬರೆದ ನಾನು ಇದನ್ನು ತಳ್ಳಿಹಾಕಲಾರೆ. ಆತ ಅದರಲ್ಲಿ ತನಗಾಗಿ ಏನೂ ಇಟ್ಟುಕೊಳ್ಳಲಿಲ್ಲ ಎಂಬುದನ್ನೂ ಮರೆಯಲಾರೆ. ಊಟದ ಹೊತ್ತಿನಲ್ಲಿ ಮನೆಯವರೆಲ್ಲ ಕೂಡಿ ಚರ್ಚಿಸಲು ಒಳ್ಳೆಯ ವಿಷಯ.

ಅದೇ ದೇಶದಲ್ಲಿ ನಮ್ಮ ಕಾಲದಲ್ಲೇ ಇದ್ದ ಇನ್ನೊಬ್ಬರು ಬಾಯ್ ಫಾಂಗ್‌ಲಿ. ಹುಟ್ಟಿದ್ದು 1913. ಇವರಿಗೂ ಓದಿಲ್ಲ. ಟಿಯಾಂಜಿನ್ ನಗರದಲ್ಲಿ ಸೈಕಲ್ ರಿಕ್ಷಾ ತುಳಿದು ಮಕ್ಕಳನ್ನು ಬೆಳೆಸಿದರು. 1987ರಲ್ಲಿ, 74ರ ವಯಸ್ಸಿನಲ್ಲಿ, ಇನ್ನು ಸಾಕೆಂದು ಹುಟ್ಟೂರಿಗೆ ಹೋದರು. ಅಲ್ಲಿ ಮಕ್ಕಳು ಶಾಲೆ ಬಿಟ್ಟು ಹೊಲದಲ್ಲಿ ಕೆಲಸ ಮಾಡುತ್ತಿದ್ದರು. ಕೂಡಿಟ್ಟ 5,000 ಯುವಾನನ್ನು ಊರಿನ ಶಾಲೆಗೆ ಕೊಟ್ಟು, ನಗರಕ್ಕೆ ಹಿಂತಿರುಗಿ ಮತ್ತೆ ಪೆಡಲ್ ತುಳಿದರು. ಬಿಸಿಲು, ಹಿಮ ಎನ್ನದೆ ಸುಮಾರು ಹದಿನಾಲ್ಕು ವರ್ಷ! ಹಳೆಯ ಬಟ್ಟೆ, ಒಣ ಬನ್ನು, ನೀರು. ಅವರು ಕೊಟ್ಟ ಒಟ್ಟು ಹಣ ಸುಮಾರು 3,50,000 ಯುವಾನ್. ಓದಿದ ವಿದ್ಯಾರ್ಥಿಗಳು 300ಕ್ಕೂ ಹೆಚ್ಚು. 2001ರಲ್ಲಿ ಕೊನೆಯ 500 ಯುವಾನನ್ನು ಒಂದು ಶಾಲೆಗೆ ಕೊಟ್ಟು, ಇನ್ನು ತುಳಿಯಲು ಕಾಲಲ್ಲಿ ಬಲವಿಲ್ಲ ಎಂದರು. 2005ರಲ್ಲಿ ತೀರಿಕೊಂಡರು.

ಒಬ್ಬ ಅಸಲನ್ನು ಉಳಿಸಿ ಅದರ ಫಲ ಕೊಟ್ಟ. ಇನ್ನೊಬ್ಬರು ಬಂದದ್ದನ್ನು ಬಂದ ಹಾಗೇ ಕೊಟ್ಟರು. ಇಬ್ಬರೂ ಕೊಟ್ಟದ್ದು ತಮಗೆ ಎಂದೂ ಸಿಗದೇ ಹೋದ ವಸ್ತುವನ್ನು. ಕೈ ತುಂಬಿದ ಮೇಲೆ ಕೊಡೋಣ ಎಂದು ಕಾಯುವ ನಮ್ಮಂಥವರು ಗಮನಿಸಬೇಕಾದದ್ದು ಇದನ್ನೇ.

ಹಾಗೆಂದು ಮಕ್ಕಳೇ, ನೀವು ತಿಂಡಿ ಬಿಡಬೇಡಿ. ಅಜ್ಜಂದಿರೇ, ನೀವು ರಿಕ್ಷಾ ತುಳಿಯಲು ಹೋಗಬೇಡಿ. ಕಾಸಿಲ್ಲದೆಯೂ ಕೊಡಬಹುದಾದ ದಾನ ಒಂದಿದೆ. ನಿಮ್ಮ ಬೀದಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ಕೈಯಲ್ಲಿ ಚೀಟಿ ಹಿಡಿದು ಯಾರ ಮುಖವನ್ನೋ ನೋಡುತ್ತ ನಿಂತವರು ಇದ್ದೇ ಇರುತ್ತಾರೆ. ಹತ್ತಿರ ಹೋಗಿ, ‘ಕೊಡಿ ಅಜ್ಜಿ, ಓದಿ ಹೇಳ್ತೀನಿ’ ಎನ್ನಿ. ಇದ್ದದ್ದನ್ನು ಇದ್ದ ಹಾಗೇ, ನಿಧಾನವಾಗಿ, ಅವರಿಗೆ ತಿಳಿಯುವ ತನಕ ಓದಿ ಹೇಳಿ.