ಲ್ಯಾಪ್‌ಟಾಪ್ ಕೊಳ್ಳುವ ಮುನ್ನ

ಇಂದಿನದು ಗಣಕಯಂತ್ರದ ಯುಗ. ನಮ್ಮ ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳ ಹಳ್ಳಿಗಳಲ್ಲಿಯೂ ಮಕ್ಕಳ ಓದಿಗೆ ಲ್ಯಾಪ್‌ಟಾಪ್ ಬೇಕೆಂಬ ಮಾತು ಈಗ ಹೊಸದಲ್ಲ. ಸೋಯಾಬೀನು ಅಡತಿಗೆ ಹೋಗಿ ನಾಲ್ಕು ಕಾಸು ಕೈಗೆ ಬರುವ ಕಾಲಕ್ಕೇ ದಸರೆ, ದೀಪಾವಳಿಗಳ ರಿಯಾಯಿತಿ ಮಾರಾಟವೂ ಬರುತ್ತದೆ. ಆಗ ಮಕ್ಕಳು ಹಟ ಹಿಡಿಯುವುದು ‘ಕನ್ವರ್ಟಿಬಲ್’ ಲ್ಯಾಪ್‌ಟಾಪಿಗೆ. ಅಂದರೆ ಪರದೆಯನ್ನು ಪೂರ್ತಿ ಹಿಂದಕ್ಕೆ ಮಡಚಿ ಪಾಟಿಯಂತೆ ಕೈಯಲ್ಲಿ ಹಿಡಿದು, ಬೆರಳಿನಿಂದಲೂ ಪೆನ್ನಿನಿಂದಲೂ ಬಳಸಬಹುದಾದ ಯಂತ್ರಕ್ಕೆ. ಇದು ನಮ್ಮ ಮಕ್ಕಳಿಗೆ ಬೇಕೇ? ಬೇಕಾದರೆ ಏನನ್ನು ನೋಡಿ ಕೊಳ್ಳಬೇಕು? ಈ ಬಗ್ಗೆ ಪಾಲಕರೊಡನೆ ಕೆಲವು ಮಾತುಗಳನ್ನು ಹಂಚಿಕೊಳ್ಳಬಯಸುತ್ತೇವೆ.

ಮೊದಲು ಇದರ ಗುಣವನ್ನು ಒಪ್ಪಿಕೊಳ್ಳೋಣ. ೧೯೬೭ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ‘ಬಾಲಭಾರತಿ’ಯು ಮಹಾರಾಷ್ಟ್ರದ ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳನ್ನೂ ಅಚ್ಚು ಹಾಕಿಸುತ್ತದೆ. ಅವುಗಳ ಪಿಡಿಎಫ್ ಪ್ರತಿಗಳನ್ನು ಅಂತರಜಾಲದಿಂದ ಇಳಿಸಿಕೊಳ್ಳಬಹುದು. ಮಡಚಿದ ಪರದೆಯನ್ನು ಉದ್ದಕ್ಕೆ ಹಿಡಿದರೆ ಪುಸ್ತಕದ ಇಡೀ ಪುಟ ಒಮ್ಮೆಲೇ ಕಾಣುತ್ತದೆ. ರೇಖಾಗಣಿತದ ಆಕೃತಿ, ವಿಜ್ಞಾನದ ಚಿತ್ರಗಳನ್ನು ಪೆನ್ನಿನಿಂದ ಬರೆಯಬಹುದು. ಇಂಥ ಕೆಲಸ ದಿನವೂ ಇದ್ದವರಿಗೆ ಕನ್ವರ್ಟಿಬಲ್ ಖಂಡಿತ ಉಪಯುಕ್ತ. ಆದರೆ ಪಾಠದ ವಿಡಿಯೋ ನೋಡುವುದು, ಪ್ರಬಂಧ ಟೈಪು ಮಾಡುವುದು, ಅರ್ಜಿ ತುಂಬುವುದು ಇಷ್ಟೇ ಕೆಲಸವಿದ್ದವರಿಗೆ ಸಾದಾ ಲ್ಯಾಪ್‌ಟಾಪೇ ಸಾಕು.

ಮಡಚುವ ಕೀಲಿಗೂ ಮುಟ್ಟುವ ಗಾಜಿಗೂ ಬೆಲೆಯಿದೆ ಎಂಬುದನ್ನು ಮರೆಯಬಾರದು. ಒಳಗಿನ ಯಂತ್ರ ಒಂದೇ ಆಗಿದ್ದರೂ ಕನ್ವರ್ಟಿಬಲ್‌ಗೆ ಹಲವು ಸಾವಿರ ಹೆಚ್ಚು ಕೊಡಬೇಕಾಗುತ್ತದೆ. ಹಣ ಮಿತವಾಗಿದ್ದಾಗ ಆ ಹೆಚ್ಚಿನ ಹಣವನ್ನು ಬೇರೆಡೆಯಲ್ಲಿ ಉಳಿಸಲು ಹೋಗಿ, ೪ ಜಿಬಿ ರ್‍ಯಾಮಿನ, ಸಣ್ಣ ಸಂಗ್ರಹದ ಯಂತ್ರವನ್ನು ತಂದುಬಿಡುವ ಅಪಾಯವಿದೆ. ಹೊರಗೆ ಥಳಕು, ಒಳಗೆ ಹುಳುಕು ಎಂಬಂತಾಗುತ್ತದೆ. ೮ ಜಿಬಿ ರ್‍ಯಾಮ್, ಕನಿಷ್ಠ ೨೫೬ ಜಿಬಿಯ ಎಸ್‌ಎಸ್‌ಡಿ, ಇವೆರಡು ಮೊದಲು. ಮಡಚುವ ಸೌಕರ್ಯ ಆಮೇಲೆ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಅನೇಕ ಕನ್ವರ್ಟಿಬಲ್‌ಗಳಲ್ಲಿ ರ್‍ಯಾಮನ್ನು ಬೆಸುಗೆ ಹಾಕಿಯೇ ಕೂಡಿಸಿರುತ್ತಾರೆ, ಮುಂದೆ ಹೆಚ್ಚಿಸಲು ಬರುವುದಿಲ್ಲ. ಆದುದರಿಂದ ಕೊಳ್ಳುವ ದಿನವೇ ವಿಚಾರ ಮಾಡಬೇಕು.

ಕನ್ವರ್ಟಿಬಲನ್ನೇ ಕೊಳ್ಳುವುದಾದರೆ ಅಂಗಡಿಯಲ್ಲಿ ಕೈಯಿಂದ ಮುಟ್ಟಿ ನೋಡಿ ಕೊಳ್ಳಿರಿ. ಪರದೆಯನ್ನು ಪೂರ್ತಿ ತಿರುಗಿಸಿ ಕೀಲು ಬಿಗಿಯಾಗಿದೆಯೇ ನೋಡಬೇಕು. ಮಡಚಿದಾಗ ಕೀಲಿಮಣೆ ತಾನಾಗಿ ನಿಷ್ಕ್ರಿಯವಾಗಬೇಕು. ಪೆನ್ನು ಜೊತೆಗೇ ಬರುವುದೋ, ಬೇರೆ ಹಣ ಕೊಡಬೇಕೋ ಕೇಳಬೇಕು. ಬರೆಯುವಾಗ ಅಂಗೈ ಗಾಜಿನ ಮೇಲೆ ಊರಿದರೂ ಅಡ್ಡಗೆರೆ ಮೂಡದಿದ್ದರೆ ಮಾತ್ರ ಆ ಪೆನ್ನು ಉಪಯೋಗಕ್ಕೆ ಬರುತ್ತದೆ. ಒಂದೂವರೆ ಕಿಲೋ ತೂಕದ ಯಂತ್ರವನ್ನು ಐದು ನಿಮಿಷ ಒಂದೇ ಕೈಯಲ್ಲಿ ಹಿಡಿದು ನೋಡಿದರೆ ಅದರ ಭಾರವೂ ತಿಳಿಯುತ್ತದೆ. ಗಾಜು ಹೊಳಪಾಗಿರುವುದರಿಂದ ಪಡಸಾಲೆಯ ಬೆಳಕಿನಲ್ಲಿ ಅಕ್ಷರಕ್ಕಿಂತ ನಮ್ಮ ಮುಖವೇ ಹೆಚ್ಚು ಕಾಣುವುದುಂಟು. ಬಾಗಿಲ ಬಳಿ ತಂದು ಪರೀಕ್ಷಿಸಬೇಕು. ಕೆಟ್ಟರೆ ರಿಪೇರಿ ಲಾತೂರಿನಲ್ಲಿ ಆಗುವುದೋ, ಸೋಲಾಪುರಕ್ಕೋ ಬೀದರಿಗೋ ಒಯ್ಯಬೇಕೋ ಎಂಬುದನ್ನು ಮೊದಲೇ ಕೇಳಿಕೊಳ್ಳಬೇಕು. ‘ಬಡ್ಡಿಯಿಲ್ಲದ ಕಂತು’ ಎಂದಾಗ ಬೇರೆ ಶುಲ್ಕವೇನಾದರೂ ಇದೆಯೇ ಎಂದೂ ವಿಚಾರಿಸಬೇಕು.

ಹಳೆಯ ಯಂತ್ರ ಕೊಳ್ಳುವವರಿಗೆ ಒಂದು ಎಚ್ಚರಿಕೆ. ವಿಂಡೋಸ್ ೧೦ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ೨೦೨೫ರ ಅಕ್ಟೋಬರ್ ೧೪ರಂದು ನಿಲ್ಲಿಸಲಾಯಿತು. ವಿಂಡೋಸ್ ೧೧ ನಡೆಯುವ ಯಂತ್ರವೇ ಎಂದು ನೋಡದೆ ಹಣ ಕೊಡಬಾರದು. ಕಡಿಮೆ ಬೆಲೆಗೆ ಸಿಗುವ ಕ್ರೋಮ್‌ಬುಕ್‌ಗಳಿಗೂ ನವೀಕರಣದ ಕೊನೆಯ ದಿನ ಗೊತ್ತುಮಾಡಿರುತ್ತದೆ. ಅದನ್ನು ಆ ಮಾದರಿ ಬಂದ ಕಾಲದಿಂದ ಎಣಿಸುತ್ತಾರೆಯೇ ಹೊರತು ನಾವು ಕೊಂಡ ದಿನದಿಂದಲ್ಲ.

ಇಷ್ಟು ಎಲ್ಲ ಊರಿನವರಿಗೂ ಅನ್ವಯಿಸುವ ಮಾತು. ಗಡಿನಾಡಿನ ನಮಗೆ ಇನ್ನೊಂದು ಮಾತಿದೆ. ನಿಲಂಗಾ, ಉದಗೀರಗಳು ೧೯೫೬ರವರೆಗೆ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯ ತಾಲೂಕುಗಳಾಗಿದ್ದವು. ಉಮರ್ಗಾ ಅದೇ ರಾಜ್ಯದ ಉಸ್ಮಾನಾಬಾದ್, ಅಂದರೆ ಇಂದಿನ ಧಾರಾಶಿವ, ಜಿಲ್ಲೆಯಲ್ಲಿತ್ತು. ಗಡಿ ಬದಲಾದರೂ ಮನೆಯ ಮಾತು ಬದಲಾಗಲಿಲ್ಲ. ಮನೆಯಲ್ಲಿ ಕನ್ನಡ, ಪೇಟೆ ಮತ್ತು ಕಚೇರಿಯಲ್ಲಿ ಮರಾಠಿ ಎಂದು ನಮ್ಮ ಮಕ್ಕಳು ಎರಡು ಭಾಷೆಗಳಲ್ಲಿ ಬೆಳೆಯುತ್ತಾರೆ. ಆದರೆ ಲ್ಯಾಪ್‌ಟಾಪಿನ ಕೀಲಿಗಳ ಮೇಲೆ ಇರುವುದು ಇಂಗ್ಲಿಷ್ ಅಕ್ಷರಗಳು ಮಾತ್ರ. ಅದನ್ನು ಕಂಡು ಮಕ್ಕಳು ಕನ್ನಡವನ್ನೂ ಇಂಗ್ಲಿಷ್ ಅಕ್ಷರದಲ್ಲಿಯೇ ಬರೆಯತೊಡಗುತ್ತಾರೆ. ಹೀಗೆ ನಾಲ್ಕು ವರ್ಷ ನಡೆದರೆ ಲಿಪಿಯೇ ಕೈತಪ್ಪಿ ಹೋದೀತು. ಸಾವಿರಾರು ರೂಪಾಯಿ ಕೊಟ್ಟು ತಂದ ಯಂತ್ರವೇ ಮನೆಯ ಭಾಷೆಯನ್ನು ಹೊರಗೆ ಹಾಕಿದಂತಾಗುತ್ತದೆ.

ಇದಕ್ಕೆ ಪರಿಹಾರ ಯಂತ್ರದೊಳಗೇ ಇದೆ, ಅದೂ ಬಿಟ್ಟಿಯಾಗಿ. ೧೯೮೬ರಲ್ಲಿ ಭಾರತ ಸರ್ಕಾರದ ಇಲೆಕ್ಟ್ರಾನಿಕ್ಸ್ ಇಲಾಖೆ ‘ಇನ್‌ಸ್ಕ್ರಿಪ್ಟ್’ ಎಂಬ ಕೀಲಿ ವಿನ್ಯಾಸವನ್ನು ಗೊತ್ತುಪಡಿಸಿತು. ವಿಂಡೋಸ್‌ನಲ್ಲಿ ಕನ್ನಡ, ಮರಾಠಿ ಎರಡನ್ನೂ ಸೇರಿಸಿಕೊಂಡರೆ ಅದೇ ವಿನ್ಯಾಸ ಸಿಗುತ್ತದೆ. ಇದರಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಬಹುಮಟ್ಟಿಗೆ ಬಲಗೈಗೆ. ಕನ್ನಡದಲ್ಲಿ ‘ಕ’ ಬರುವ ಕೀಲಿಯಲ್ಲಿಯೇ ಮರಾಠಿಯ ‘ಕ’ವೂ ಬರುತ್ತದೆ; ನಮ್ಮ ಒತ್ತಕ್ಷರವನ್ನು ಮಾಡುವ ಕೀಲಿಯೇ ಅವರ ಜೋಡಾಕ್ಷರವನ್ನೂ ಮಾಡುತ್ತದೆ. ಒಂದು ಸಲ ಬೆರಳು ಪಳಗಿದರೆ ಎರಡು ಭಾಷೆಯೂ ಕೈವಶ. ಮರಾಠಿ ಮಾತ್ರ ಬಲ್ಲ ಪುಣೆಯ ಹುಡುಗನಿಗಿಂತ, ಕನ್ನಡ ಮಾತ್ರ ಬಲ್ಲ ಬೆಂಗಳೂರಿನ ಹುಡುಗನಿಗಿಂತ ಈ ವಿಷಯದಲ್ಲಿ ನಮ್ಮ ಮಕ್ಕಳದೇ ಮೇಲುಗೈ. ಆದಕಾರಣ ಅಂಗಡಿಯಿಂದ ಹೊರಡುವ ಮೊದಲೇ ಎರಡೂ ಭಾಷೆಗಳನ್ನು ಸೇರಿಸಿಕೊಂಡು ಬರುವುದು ಒಳ್ಳೆಯದು. ಕೀಲಿಗಳು ಸಡಿಲವಾಗಿವೆಯೇ, ಇಕ್ಕಟ್ಟಾಗಿವೆಯೇ ಎಂದು ಅಲ್ಲಿಯೇ ಒಂದು ಪುಟ ಕನ್ನಡ ಟೈಪು ಮಾಡಿ ನೋಡಲಿ.

ವಿದ್ಯಾರ್ಥಿ ಮಿತ್ರರೇ, ಹತ್ತನೆಯ ತರಗತಿಯ ಬೋರ್ಡ್ ಪರೀಕ್ಷೆಯನ್ನು ಇಂದಿಗೂ ಕೈಯಿಂದಲೇ ಬರೆಯಬೇಕು. ಆದುದರಿಂದ ಶುದ್ಧ ಬರಹದ ಅಭ್ಯಾಸವನ್ನು ಬಿಡಬೇಡಿರಿ. ಲ್ಯಾಪ್‌ಟಾಪ್ ಬಂದರೆ ಅದರಲ್ಲಿ ಆಟವಾಡುವ ಮೊದಲು ನಿಮ್ಮ ಊರಿನ ಬಗ್ಗೆ ಒಂದು ಪುಟ ಕನ್ನಡದಲ್ಲಿ ಟೈಪು ಮಾಡಿರಿ. ಅದನ್ನೇ ಮರಾಠಿಯಲ್ಲಿಯೂ ಬರೆದು ನೆರೆಮನೆಯ ಗೆಳೆಯನಿಗೆ ತೋರಿಸಿರಿ. ಪಾಲಕರಿಗೆ ನಮ್ಮ ವಿನಂತಿ ಇಷ್ಟೇ: ಹಾಸಿಗೆ ಇದ್ದಷ್ಟು ಕಾಲು ಚಾಚಿರಿ. ಮಡಚುವ ಯಂತ್ರವಾಗಲಿ, ಮಡಚದ ಯಂತ್ರವಾಗಲಿ, ಮಗುವಿನ ಎರಡು ಭಾಷೆಗೂ ಅದರಲ್ಲಿ ಜಾಗವಿರುವಂತೆ ನೋಡಿಕೊಳ್ಳಿರಿ.