ನಾವೇ ಕಟ್ಟಿಕೊಂಡ ಸುಂಕದ ಕಟ್ಟೆ

ಸುರತ್ಕಲ್ಲಿನ ಎನ್‌ಐಟಿಕೆ ಬಳಿ, ರಾಷ್ಟ್ರೀಯ ಹೆದ್ದಾರಿ 66ರಲ್ಲಿದ್ದ ಟೋಲ್‌ಗೇಟಿನ ವಿರುದ್ಧ ಈ ಭಾಗದ ಜನರು ವರ್ಷಗಟ್ಟಲೆ ಹೋರಾಡಿದರು. ಎರಡು ಸುಂಕದ ಕಟ್ಟೆಗಳ ನಡುವೆ 60 ಕಿ.ಮೀ. ಅಂತರವಿರಬೇಕೆಂಬುದು ನಿಯಮ. ಹಾಗಿರುವಾಗ ಹೆಜಮಾಡಿಯಲ್ಲೊಂದು, ಅದಕ್ಕೆ ಇಷ್ಟು ಸಮೀಪದ ಸುರತ್ಕಲ್ಲಿನಲ್ಲಿ ಮತ್ತೊಂದು ಏಕೆ ಎಂಬ ಅವರ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು. 2022ರ ಅಕ್ಟೋಬರ್ ತಿಂಗಳಲ್ಲಿ ಮುತ್ತಿಗೆ ನಡೆಯಿತು. ಆ ಬಳಿಕ ಹಗಲಿರುಳು ಧರಣಿ ನಡೆಯಿತು. ಕೊನೆಗೆ ಅದೇ ವರ್ಷದ ಡಿಸೆಂಬರ್ 1ರಿಂದ ಅಲ್ಲಿ ಸುಂಕ ವಸೂಲಿ ನಿಂತಿತು. ಅನ್ಯಾಯದ ಸುಂಕವನ್ನು ಒಗ್ಗಟ್ಟಿನಿಂದ ನಿರಾಕರಿಸಬಹುದೆಂದು ಈ ಊರು ತೋರಿಸಿಕೊಟ್ಟಿತು.

ಆದರೆ ಯಾರೂ ಧರಣಿ ಕೂರದ ಇನ್ನೊಂದು ಸುಂಕದ ಕಟ್ಟೆ ನಮ್ಮ ನಮ್ಮ ಮನೆಯಂಗಳದಲ್ಲೇ ಇದೆ. ಅದನ್ನು ಸರಕಾರ ಕಟ್ಟಲಿಲ್ಲ, ಗುತ್ತಿಗೆದಾರ ಕಟ್ಟಲಿಲ್ಲ, ನಾವೇ ಕಟ್ಟಿಕೊಂಡೆವು. ಚೆನ್ನಾಗಿ ಓಡುತ್ತಿರುವ ಕಾರನ್ನು ಮಾರಿ, ಸಾಲ ಮಾಡಿ, ಅದಕ್ಕಿಂತ ದೊಡ್ಡ ಕಾರನ್ನು ಅಂಗಳಕ್ಕೆ ತರುವ ಚಟವೇ ಆ ಸುಂಕದ ಕಟ್ಟೆ. ಎಂಟು ಲಕ್ಷ ರೂಪಾಯಿ ಸಾಲವನ್ನು ಶೇಕಡಾ 9ರ ಬಡ್ಡಿಯಲ್ಲಿ ಏಳು ವರ್ಷಗಳ ಅವಧಿಗೆ ಪಡೆದರೆ ತಿಂಗಳ ಕಂತು ಸುಮಾರು 12,870 ರೂಪಾಯಿ. ಕಾರು ಶೆಡ್ಡಿನಿಂದ ಹೊರಗೆ ಬರಲಿ, ಬಾರದಿರಲಿ, ದಿನವೊಂದಕ್ಕೆ 420 ರೂಪಾಯಿಗೂ ಮಿಕ್ಕಿದ ಸುಂಕ! ಏಳು ವರ್ಷಗಳಲ್ಲಿ ಬಡ್ಡಿಯೊಂದೇ 2 ಲಕ್ಷ 80 ಸಾವಿರ ದಾಟುತ್ತದೆ. ಇಂಧನ, ವಿಮೆ, ತೆರಿಗೆ ಇವೆಲ್ಲ ಬೇರೆ.

ಕಾರು ಕೆಟ್ಟದ್ದೆಂದು ಈ ಬರಹ ವಾದಿಸುವುದಿಲ್ಲ. ಆಟಿ ತಿಂಗಳ ಮಳೆಯಲ್ಲಿ ಇಬ್ಬರು ಮಕ್ಕಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಟ್ಯಾಂಕರುಗಳ ಪಕ್ಕದಲ್ಲಿ ಕೂಳೂರು ಸೇತುವೆ ದಾಟಿದ ತಂದೆತಾಯಿಗೆ ನಾಲ್ಕು ಚಕ್ರದ ವಾಹನ ಎಂತಹ ವರದಾನವೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ನಡುರಾತ್ರಿ ಮಂಗಳೂರಿನ ಆಸ್ಪತ್ರೆಗೆ ಓಡಬೇಕಾದಾಗ, ಮಂಡಿನೋವಿನ ಅಜ್ಜಿಯನ್ನು ಅತ್ತೂರಿನ ಸಂತ ಲಾರೆನ್ಸರ ಹಬ್ಬಕ್ಕೋ ಬಿಕರ್ನಕಟ್ಟೆಯ ಬಾಲಯೇಸುವಿನ ಪುಣ್ಯಕ್ಷೇತ್ರಕ್ಕೋ ಕರೆದೊಯ್ಯುವಾಗ ಕಾರು ಕುಟುಂಬದ ಸೇವಕ. ಭಾನುವಾರ ಸಂಜೆ ಮನೆಮಂದಿಯೆಲ್ಲ ದೀಪಸ್ತಂಭದ ಬಳಿಯ ಕಡಲತೀರಕ್ಕೆ ಹೋಗಿ ಗಾಳಿಗೆ ಮುಖವೊಡ್ಡಿ ಕುಳಿತರೆ ಅದೂ ದೇವರು ಮೆಚ್ಚುವ ಸಂತೋಷವೇ. ಈ ಯಾವ ಸಂತೋಷಕ್ಕೂ ಹೊಸ ಮಾದರಿಯ ಕಾರೇ ಆಗಬೇಕೆಂದಿಲ್ಲ. ಹತ್ತು ವರ್ಷದ ಹಳೆಯ ಕಾರಿನ ಕಿಟಕಿಯಿಂದಲೂ ಕಡಲು ಅಷ್ಟೇ ವಿಶಾಲವಾಗಿ ಕಾಣುತ್ತದೆ.

ಲೂಕನ ಶುಭಸಂದೇಶದಲ್ಲಿ ಬರುವ ಬುದ್ಧಿಗೇಡಿ ಧನವಂತನನ್ನು ನೆನೆಯೋಣ. ಅವನ ಕಣಜಗಳು ಕುಸಿದು ಬಿದ್ದಿರಲಿಲ್ಲ. ಗಟ್ಟಿಯಾಗಿದ್ದ ಕಣಜಗಳನ್ನು ಕೆಡವಿಸಿ ಅವಕ್ಕಿಂತ ದೊಡ್ಡವನ್ನು ಕಟ್ಟಿಸಲು ಹೊರಟ. ಅಂದಿನ ರಾತ್ರಿಯೇ ಅವನ ಲೆಕ್ಕ ಮುಗಿಯಿತು. ಅವನಾದರೂ ತನ್ನ ಹೊಲದ ಬೆಳೆಯಿಂದ ಕಟ್ಟಿಸಲು ಹೊರಟವನು. ನಾವು ಇನ್ನೂ ದುಡಿಯದ ಏಳು ವರ್ಷಗಳ ಸಂಬಳವನ್ನು ಅಡವಿಟ್ಟು ಕಟ್ಟುತ್ತಿದ್ದೇವೆ. ಯಾರು ಹೆಚ್ಚು ಬುದ್ಧಿವಂತರು?

ಕಾರು ಬದಲಿಸುವವರು ಹೇಳುವ ಕಾರಣಗಳನ್ನು ಒಂದೊಂದಾಗಿ ಪರಿಶೀಲಿಸೋಣ.

"ಐದು ವರ್ಷವಾಯಿತು, ಇನ್ನು ಬೆಲೆ ಬೀಳುತ್ತದೆ" ಎಂಬುದು ಮೊದಲನೆಯದು. ವಾಸ್ತವವಾಗಿ ಆ ವೇಳೆಗೆ ಬೆಲೆ ಬಹುಪಾಲು ಬಿದ್ದಾಗಿರುತ್ತದೆ. ವಿಮೆಯವರ ಸವಕಳಿ ಪಟ್ಟಿಯನ್ನೇ ನೋಡಿ: ಮೊದಲ ವರ್ಷ ತುಂಬುವಷ್ಟರಲ್ಲಿ ಶೇ. 15, ಎರಡು ವರ್ಷಕ್ಕೆ 20, ಮೂರಕ್ಕೆ 30, ನಾಲ್ಕಕ್ಕೆ 40, ಐದು ವರ್ಷಕ್ಕೆ ಶೇ. 50. ಅಂದರೆ ಅತಿ ಹೆಚ್ಚು ನಷ್ಟವನ್ನು ಅನುಭವಿಸಿದ ಬಳಿಕ, ಇನ್ನು ಕಾರು ಅಗ್ಗವಾಗಿ ಸೇವೆ ಸಲ್ಲಿಸಬೇಕಾದ ಹೊತ್ತಿಗೆ ಅದನ್ನು ಬೇರೆಯವರಿಗೆ ಒಪ್ಪಿಸಿ, ನಾವು ಮತ್ತೊಮ್ಮೆ ನಷ್ಟದ ಮೊದಲ ಮೆಟ್ಟಿಲಿಗೆ ಹೋಗಿ ನಿಲ್ಲುತ್ತೇವೆ. ಏಳು ವರ್ಷದ ಸಾಲವಾಗಿದ್ದರೆ ಹಳೆಯ ಸಾಲವೇ ಇನ್ನೂ ತೀರಿರುವುದಿಲ್ಲ! ಖಾಸಗಿ ಕಾರಿನ ನೋಂದಣಿಗೆ ಕಾನೂನು 15 ವರ್ಷಗಳ ಆಯುಸ್ಸು ಕೊಟ್ಟಿದೆ. ಆ ಬಳಿಕವೂ ತಪಾಸಣೆಯಲ್ಲಿ ಸರಿಯಿದ್ದರೆ ಐದೈದು ವರ್ಷಕ್ಕೆ ನವೀಕರಿಸಲು ನಮ್ಮಲ್ಲಿ ಅವಕಾಶವಿದೆ. ಕಾನೂನು ಬದುಕಲು ಬಿಟ್ಟದ್ದನ್ನು ನಮ್ಮ ಅಹಂಕಾರ ಮುದಿಯೆಂದು ತೀರ್ಮಾನಿಸುತ್ತದೆ.

"ಕಡಲತೀರದ ಊರು, ತುಕ್ಕು ಹಿಡಿಯುತ್ತದೆ" ಎಂಬುದು ಎರಡನೆಯ ಕಾರಣ. ಇದು ಸುಳ್ಳಲ್ಲ. ಉಪ್ಪುಗಾಳಿ ಸುರತ್ಕಲ್, ಹೊಸಬೆಟ್ಟು, ಕುಳಾಯಿಯ ಕಬ್ಬಿಣವನ್ನೆಲ್ಲ ಕಾಡುತ್ತದೆ. ಆದರೆ ಅದು ಹೊಸ ಕಾರನ್ನೂ ಬಿಡುವುದಿಲ್ಲ. ಇದಕ್ಕೆ ಮದ್ದು ಆರೈಕೆ. ಕಡಲತೀರಕ್ಕೆ ಹೋಗಿ ಬಂದ ಬಳಿಕ ತಳಭಾಗವನ್ನು ಸಿಹಿನೀರಿನಿಂದ ತೊಳೆಯುವುದು, ಮಳೆಗಾಲಕ್ಕೆ ಮೊದಲು ತಳಕ್ಕೆ ತುಕ್ಕುನಿರೋಧಕ ಲೇಪ ಹಾಕಿಸುವುದು, ಬಾಗಿಲುಗಳ ಅಡಿಯಲ್ಲಿ ನೀರು ಬಸಿಯಲು ಇರುವ ಸಣ್ಣ ತೂತುಗಳು ಕಸದಿಂದ ಮುಚ್ಚಿಹೋಗದಂತೆ ನೋಡಿಕೊಳ್ಳುವುದು, ಬಣ್ಣ ಎದ್ದ ಕಡೆ ಕೂಡಲೇ ಟಿಂಕರಿಂಗ್ ಮಾಡಿಸುವುದು. ಇಷ್ಟಕ್ಕೆ ವರ್ಷವಿಡೀ ತಗಲುವ ಖರ್ಚು ಹೊಸ ಕಾರಿನ ಒಂದೆರಡು ಕಂತನ್ನು ಮೀರುವುದು ಅಪರೂಪ. ಆ ಹಣ ಊರಿನ ಗ್ಯಾರೇಜಿನಲ್ಲಿ ದುಡಿಯುವವನ ಮನೆಯ ಒಲೆಯನ್ನೂ ಉರಿಸುತ್ತದೆ.

ಮೂರನೆಯದು ಸುರಕ್ಷತೆ. ಇದು ಮಾತ್ರ ತೂಕವುಳ್ಳ ಮಾತು. 2019ರಲ್ಲಿ ಎಬಿಎಸ್ ಬ್ರೇಕ್ ಮತ್ತು ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದವು. ಅದಕ್ಕೆ ಮುಂಚಿನ ಅನೇಕ ಸಣ್ಣ ಕಾರುಗಳಲ್ಲಿ ಇವು ಇರಲಿಲ್ಲ. ಮಕ್ಕಳಿರುವ ಮನೆಯವರು ಅಂತಹ ಕಾರನ್ನು ಬದಲಿಸಿದರೆ ಅದು ವಿವೇಕವೇ. ಆದರೆ ಸುರಕ್ಷತೆಯ ಹೆಸರಿನಲ್ಲಿ ದೊಡ್ಡ ಕಾರು ಕೊಂಡು ಹಿಂದಿನ ಆಸನದ ಬೆಲ್ಟನ್ನು ಮುಟ್ಟದವರಿಗೆ ಏನೆನ್ನೋಣ? 2022ರ ಸೆಪ್ಟೆಂಬರ್ 4ರಂದು ಉದ್ಯಮಿ ಸೈರಸ್ ಮಿಸ್ತ್ರಿ ಮಹಾರಾಷ್ಟ್ರದ ಪಾಲ್ಘರ್ ಬಳಿ ಅಪಘಾತದಲ್ಲಿ ಮಡಿದಾಗ ಕುಳಿತಿದ್ದುದು ಬಹು ದುಬಾರಿ ಕಾರಿನ ಹಿಂದಿನ ಆಸನದಲ್ಲಿ. ಬೆಲ್ಟ್ ಹಾಕಿರಲಿಲ್ಲವೆಂದು ಪೊಲೀಸರು ತಿಳಿಸಿದರು. ಹಳೆಯ ಕಾರಿನ ಬೆಲ್ಟ್ ಬಿಗಿಯಲು ಒಂದು ಕಾಸೂ ಬೇಕಿಲ್ಲ.

ಇನ್ನು ಬಾಯಿಬಿಟ್ಟು ಹೇಳದ ನಾಲ್ಕನೆಯ ಕಾರಣವೊಂದಿದೆ, ಅದೇ ನಿಜವಾದದ್ದು. "ಜನ ಏನೆಂದುಕೊಳ್ಳುತ್ತಾರೆ?" ಪಕ್ಕದ ಮನೆಯವರು ಕೊಂಡರು, ಗಲ್ಫಿನಿಂದ ಬಂದ ಭಾವ ಕೊಂಡರು, ರೋಸ್ ಸಮಾರಂಭಕ್ಕೆ ಈ ಹಳೆಯ ಡಬ್ಬಿಯಲ್ಲಿ ಹೋಗುವುದು ಹೇಗೆ? ವಲಸಿಗರ ಪಾಲನಾಸೇವೆಯ ವ್ಯಾಟಿಕನ್ ಮಂಡಳಿಯು 2007ರ ಜೂನ್‌ನಲ್ಲಿ ವಾಹನ ಚಾಲಕರಿಗೆಂದೇ ಹತ್ತು ಆಜ್ಞೆಗಳನ್ನು ಪ್ರಕಟಿಸಿತು. ಅವುಗಳಲ್ಲಿ ಐದನೆಯದು, ಕಾರನ್ನು ಅಧಿಕಾರ ಮತ್ತು ದರ್ಪದ ಪ್ರದರ್ಶನವಾಗಿಸಬಾರದು, ಪಾಪಕ್ಕೆ ಆಸ್ಪದವಾಗಿಸಬಾರದು ಎಂದು ವಿಧಿಸುತ್ತದೆ. 2013ರಲ್ಲಿ ವೆರೋನಾದ ಗುರುಗಳೊಬ್ಬರು ಮೂರು ಲಕ್ಷ ಕಿ.ಮೀ. ಓಡಿದ್ದ, 1984ರ ತಮ್ಮ ಹಳೆಯ ರೆನೋ ಕಾರನ್ನು ಪೋಪ್ ಫ್ರಾನ್ಸಿಸರಿಗೆ ಕಾಣಿಕೆಯಾಗಿ ಕೊಟ್ಟರು. ಅವರು ಸಂತೋಷದಿಂದ ಸ್ವೀಕರಿಸಿದರು. 2025ರಲ್ಲಿ ಅಗಲಿದ ಆ ಜಗದ್ಗುರುವಿನ ಘನತೆ ಆ ಕಾರಿನಿಂದ ಕುಂದಿತೇ? ಅವರಿಗೆ ಸಾಕಾದದ್ದು ನಮಗೆ ಸಾಲದೇ?

ಹೊಸ ಕಾರಿಗೆ ನಾವು ಆಶೀರ್ವಾದ ಕೇಳುತ್ತೇವೆ. ಗುರುಗಳು ತೀರ್ಥ ಪ್ರೋಕ್ಷಿಸುತ್ತಾರೆ, ಕನ್ನಡಿಗೆ ಜಪಮಾಲೆ ತೂಗುಹಾಕುತ್ತೇವೆ. ಆದರೆ ಆ ಕಾರು ಭಾನುವಾರ ಬೆಳಿಗ್ಗೆ ಬಲಿಪೂಜೆಗೆ ಹೊರಟಾಗ ಒಳಗೆ ಇಬ್ಬರು, ಖಾಲಿ ಆಸನ ಐದು. ಕೊಡೆ ಹಿಡಿದು ಅದೇ ದಾರಿಯಲ್ಲಿ ನಡೆಯುವ ವಾಳೆಯ ವೃದ್ಧೆಗೆ ಸಿಗುವುದು ಚಕ್ರ ಎರಚಿದ ಕೆಸರು. ಊರಿಗೊಂದೆರಡು ಅಂಬಾಸಿಡರ್ ಇದ್ದ ಕಾಲದಲ್ಲಿ ಆ ಕಾರು ನೆರೆಕರೆಯವರಿಗೆಲ್ಲ ಆಗುತ್ತಿತ್ತು: ಹೆರಿಗೆಗೆ ಅದೇ, ಮದುಮಗಳಿಗೆ ಅದೇ. ಈಗ ಮನೆಗೊಂದು ಕಾರು ಬಂದಿದೆ. ಕಾರಿಲ್ಲದವರು ಮೊದಲಿಗಿಂತ ಒಂಟಿಯಾಗಿದ್ದಾರೆ. ಒಬ್ಬಿಬ್ಬರನ್ನು ಹೊತ್ತ ಕಾರುಗಳು ನಗರಗಳನ್ನು ಉಸಿರುಗಟ್ಟಿಸುತ್ತಿವೆಯೆಂದು, ಸಾರ್ವಜನಿಕ ಸಾರಿಗೆಗೆ ಆದ್ಯತೆ ಬೇಕೆಂದು 2015ರ 'ಲೌದಾತೊ ಸಿ' ವಿಶ್ವಪತ್ರ ಎಚ್ಚರಿಸಿದೆ. ಸಂಜೆ ಹೊತ್ತು ಕೂಳೂರಿನಲ್ಲಿ ನಿಂತ ಸಾಲನ್ನು ಕಂಡವರಿಗೆ ಅದರ ಅರ್ಥ ವಿವರಿಸಬೇಕಿಲ್ಲ. ಸ್ಟೇಟ್‌ಬ್ಯಾಂಕಿಗೆ ಹೋಗುವ ಸಿಟಿ ಬಸ್ಸೂ ಅದೇ ಸಾಲಿನಲ್ಲಿ ಸಿಕ್ಕಿಬಿದ್ದಿರುತ್ತದೆ.

ಶುಭಸಂದೇಶದ ಒಳ್ಳೆಯ ಸಮಾರಿಯನಿಗೂ ಒಂದು ವಾಹನವಿತ್ತು. ಅದರ ತಳಿ, ವಯಸ್ಸು, ಬಣ್ಣವನ್ನು ಯೇಸುಸ್ವಾಮಿ ಹೇಳಲಿಲ್ಲ. ಗಾಯಗೊಂಡವನನ್ನು ಅದರ ಮೇಲೆ ಕೂರಿಸಿದನೆಂದಷ್ಟೇ ಹೇಳಿದರು. ವಾಹನದ ಬಗ್ಗೆ ಕ್ರೈಸ್ತನು ಕೇಳಬೇಕಾದ ಪ್ರಶ್ನೆಯೂ ಅದೇ: ಅದರಲ್ಲಿ ಯಾರನ್ನು ಕೂರಿಸಿಕೊಂಡೆ?

ಆದ್ದರಿಂದ ಸಾಲದ ಅರ್ಜಿಗೆ ಸಹಿ ಹಾಕುವ ಮುನ್ನ ಮನೆಮಂದಿ ಒಟ್ಟಿಗೆ ಕುಳಿತು ಯೋಚಿಸಲಿ. ಇರುವ ಕಾರು ನಿಜವಾಗಿ ಕೈಕೊಟ್ಟಿದೆಯೇ? ಕಂತಿನ ಹಣದಲ್ಲಿ ಮಗಳ ಕಾಲೇಜು ಶುಲ್ಕವಿಲ್ಲವೇ, ಅಮ್ಮನ ಔಷಧಿಯಿಲ್ಲವೇ, ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆ ನೋಡಿಕೊಳ್ಳುವ ಬಡ ಕುಟುಂಬದ ಪಾಲಿಲ್ಲವೇ? ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂದು ಹಿರಿಯರು ಹೇಳಿದ್ದಾರೆ. ಬ್ಯಾಂಕಿನ ಕಂತಿಗೂ ಕಿವಿಯಿಲ್ಲ. ಕೆಲಸ ಹೋದ ತಿಂಗಳೂ ಅದು ಬಂದು ಕೈಚಾಚುತ್ತದೆ. ಹೆದ್ದಾರಿಯ ಸುಂಕದ ಕಟ್ಟೆಯನ್ನು ತೆಗೆಸಲು ಊರಿಗೆ ಊರೇ ಸೇರಬೇಕಾಯಿತು. ಅಂಗಳದ ಈ ಕಟ್ಟೆಯನ್ನು ತೆಗೆಯಲು ಒಂದು ಮನೆಯ ನಿರ್ಧಾರ ಸಾಕು.