ಮನೆಯ ಜಗುಲಿಯಲ್ಲಿ ನಾಟಕ

2020ನೆಯ ಇಸವಿಯ ಮಾರ್ಚಿ ತಿಂಗಳಲ್ಲಿ ಕೋವಿಡ್ ವ್ಯಾಧಿಯ ನಿಮಿತ್ತ ಶಾಲೆಗಳ ಬಾಗಿಲು ಮುಚ್ಚಿದಾಗ ಶಿಕಾರಿಪುರ, ಸೊರಬ ತಾಲ್ಲೂಕುಗಳ ಹಳ್ಳಿಗಳಲ್ಲಿಯೂ ಮನೆಯೇ ಪಾಠಶಾಲೆಯಾಯಿತು. ಆ ವರ್ಷ ‘ವಿದ್ಯಾಗಮ’ದ ಹೆಸರಿನಲ್ಲಿ ಉಪಾಧ್ಯಾಯರು ಮಕ್ಕಳಿದ್ದಲ್ಲಿಗೇ ಹೋಗಿ ಪಾಠ ಹೇಳಿದರು. ಗಣಿತಕ್ಕೂ ವ್ಯಾಕರಣಕ್ಕೂ ಹೇಗೋ ದಾರಿ ದೊರೆಯಿತು. ನಾಟಕವೋ, ಮೂಲೆಯಲ್ಲಿ ಕುಳಿತು ಮೌನವಾಗಿ ಓದುವ ಪಾಠವಾಗಿ ಉಳಿಯಿತು.

ಶಾಲೆಗಳು ಮತ್ತೆ ತೆರೆದವು. ಆದರೂ ಮಕ್ಕಳಿಗೆ ಮನೆಯಲ್ಲಿಯೇ ವಿದ್ಯೆ ಹೇಳುವ ತಂದೆತಾಯಿಗಳು ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಒಂದೇ ಮಗುವಿರುವ ಮನೆಯಲ್ಲಿ ನಾಟಕ ಆಗದೆಂಬುದು ಒಪ್ಪತಕ್ಕ ಮಾತಲ್ಲ. ಪರದೆ, ಕಿರೀಟಗಳು ಆಮೇಲಿನವು. ಎರಡು ಕಂಠಗಳು ಕೂಡಿದರೆ ನಾಟಕ ಮೊದಲಾಗುತ್ತದೆ. ಹರಿಹರನ ರಗಳೆಯಲ್ಲಿ ಮದ್ದಳೆಗಾರನಾಗಿ ಕಾಣಿಸುವ ಅಲ್ಲಮನ ಬಳ್ಳಿಗಾವೆಯಿರುವ ಸೀಮೆಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕುವೆಂಪು ಅವರ ‘ಬೆರಳ್‌ಗೆ ಕೊರಳ್’ ನಾಟಕದಲ್ಲಿ ಪಾತ್ರಗಳು ಕೆಲವೇ. ಏಕಲವ್ಯನ ಮಾತನ್ನು ಮಗು, ದ್ರೋಣನದನ್ನು ತಂದೆ, ತಾಯಿಯದನ್ನು ಮನೆಯ ಅಜ್ಜಿ ಗಟ್ಟಿಯಾಗಿ ಓದಲಿ. ಹಳಗನ್ನಡದ ಛಾಯೆಯುಳ್ಳ ಆ ಭಾಷೆ ಕಠಿನವೆಂದು ಹೆದರಿ ಸರಳ ಗದ್ಯಕ್ಕಿಳಿಸಿ ಕೊಡುವವರುಂಟು. ಅದು ಕಬ್ಬಿನ ರಸ ಹಿಂಡಿ ಸಿಪ್ಪೆಯನ್ನು ಮಗುವಿನ ಕೈಗಿತ್ತಂತೆ. ಲಯ ಮೊದಲು ಕಿವಿಗೆ ಹತ್ತಲಿ, ಅರ್ಥ ಹಿಂದಿನಿಂದ ಬಂದೀತು. ಪಾಠಶಾಲೆಗಳಲ್ಲಿ ಅಮರಕೋಶವನ್ನು ಕಲಿತದ್ದು ಹೀಗೆಯೇ ಅಲ್ಲವೆ?

‘ರಕ್ತಾಕ್ಷಿ’ಯ ವಿಚಾರವನ್ನು ವಿಶೇಷವಾಗಿ ಹೇಳಬೇಕು. ಷೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ನಾಟಕವನ್ನು ಕನ್ನಡಕ್ಕೆ ತರುವಾಗ ಕುವೆಂಪು ಡೆನ್ಮಾರ್ಕಿನ ಅರಮನೆಯನ್ನು ಬಿಟ್ಟು ಬಿದನೂರನ್ನು ಆರಿಸಿಕೊಂಡರು. 1763ರಲ್ಲಿ ಹೈದರಾಲಿಯ ವಶವಾದ ಬಿದನೂರು ಕೆಳದಿ ಅರಸರ ರಾಜಧಾನಿ. ಕೆಳದಿಯಾದರೂ ಸೊರಬಕ್ಕೆ ನೆರೆಯ ಸಾಗರ ತಾಲ್ಲೂಕಿನದು. ಬಿಡುವಿನ ದಿನ ಮಗುವನ್ನು ನಗರದ ಕೋಟೆಗೆ ಕರೆದೊಯ್ದು, ಆ ಕಲ್ಲುಗಳ ನಡುವೆ ಒಂದು ದೃಶ್ಯವನ್ನು ಓದಿಸಿದರೆ, ಮುಂದೆ ಕಾಲೇಜಿನಲ್ಲಿ ಎದುರಾಗುವ ಆಂಗ್ಲ ನಾಟಕವು ಪರಿಚಿತ ನೆಂಟನಂತೆ ಬಂದೀತು. ಸಿಂಗರಾರ್ಯನ ‘ಮಿತ್ರವಿಂದಾ ಗೋವಿಂದ’ ಕನ್ನಡದಲ್ಲಿ ದೊರೆತಿರುವ ಮೊದಲ ನಾಟಕವೆಂಬ ಗೌರವಕ್ಕೆ ಪಾತ್ರವಾದರೂ ಮಕ್ಕಳ ಪಠನಕ್ಕೆ ಒಗ್ಗದು. ಅದರ ಕಥೆ ಹೇಳಿದರೆ ಸಾಕು.

ಓದಿದ ಮಗು ಒಮ್ಮೆಯಾದರೂ ರಂಗದ ಮೇಲೆ ನೋಡಬೇಕು. ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ 1985ರಿಂದ ‘ತಿರುಗಾಟ’ವನ್ನು ನಡೆಸಿದೆ. ಸಾಣೇಹಳ್ಳಿಯ ಮಠವು 1997ರಲ್ಲಿ ‘ಶಿವಸಂಚಾರ’ವನ್ನು ಕಟ್ಟಿ, ಮಠಕ್ಕೂ ರಂಗಕ್ಕೂ ದೂರವಿಲ್ಲವೆಂದು ತೋರಿಸಿತು.

ಇನ್ನು ಶಾಲೆಗಳ ಮಾತು. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಮಗು ವಾರ್ಷಿಕೋತ್ಸವದ ದಿನ ಬೇಲಿಯಾಚೆ ನಿಂತು ನೋಡುವುದು ನ್ಯಾಯವಲ್ಲ. ತಾಲೀಮಿನ ಸಂಜೆಗಳಿಗೆ ಅದನ್ನೂ ಕರೆಯಬೇಕು. ಸಣ್ಣದಾದರೂ ಒಂದು ಪಾತ್ರ ಕೊಡಬೇಕು. ದಾನಿಗಳು ವರ್ಷಕ್ಕೊಂದು ನಾಟಕದ ಹತ್ತು ಪ್ರತಿಗಳನ್ನು ಕೊಡಿಸಿದರೆ ಅವು ಮನೆಯಿಂದ ಮನೆಗೆ ಸಂಚರಿಸಬಲ್ಲವು. ಉತ್ಸವದ ದಿನ ಧ್ವನಿವರ್ಧಕಕ್ಕೆ ತೆರುವ ಬಾಡಿಗೆಗಿಂತ ಆ ವೆಚ್ಚ ಕಡಿಮೆಯೇ ಆದೀತು.